ಧೂಳಿನ ಕಣವೂ ಮರಣದ ಲೆಕ್ಕವೂ

ವಾಯುಮಾಲಿನ್ಯದಿಂದ ನಮ್ಮ ದೇಶದಲ್ಲಿ ವರ್ಷಕ್ಕೆ ಎಷ್ಟು ಜನರು ಸಾಯುತ್ತಿದ್ದಾರೆಂದು ಸಂಸತ್ತಿನ ಸದಸ್ಯರು ಹಲವು ಸಲ ಕೇಳಿದ್ದಾರೆ. ಕೇಂದ್ರ ಸರಕಾರದಿಂದ ಬಂದ ಉತ್ತರಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಮರಣವು ಕೇವಲ ವಾಯುಮಾಲಿನ್ಯದಿಂದಲೇ ಸಂಭವಿಸಿತೆಂದು ಸ್ಥಾಪಿಸತಕ್ಕ ನಿರ್ಣಾಯಕ ಅಂಕಿ-ಅಂಶಗಳು ದೇಶದಲ್ಲಿ ಲಭ್ಯವಿಲ್ಲ ಎಂಬುದೇ ಆ ಉತ್ತರಗಳ ತಾತ್ಪರ್ಯ. 2019ರ ಡಿಸೆಂಬರ್ ತಿಂಗಳಲ್ಲಿ ಅಂದಿನ ಪರಿಸರ ಸಚಿವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಲಿನ್ಯಕ್ಕೂ ಆಯುಷ್ಯವು ಕುಗ್ಗುವುದಕ್ಕೂ ಸಂಬಂಧವುಂಟೆಂದು ಭಾರತೀಯ ಅಧ್ಯಯನ ಯಾವುದೂ ತೋರಿಸಿಲ್ಲವೆಂದು ಲೋಕಸಭೆಯಲ್ಲಿ ಹೇಳಿದರು. ಈ ಮಾತು ಎಷ್ಟರಮಟ್ಟಿಗೆ ನಿಜ, ಅದು ನಿಜವಲ್ಲದಿದ್ದರೆ ನಮ್ಮ ಕರ್ತವ್ಯವೇನು ಎಂಬುದನ್ನು ವಿಚಾರಮಾಡುವುದು ಇಂದಿನ ಲೇಖನದ ಉದ್ದೇಶ.

ಮೇಲಿನ ಉತ್ತರದಲ್ಲಿ ‘ಕೇವಲ’ ಎಂಬ ಒಂದು ಶಬ್ದದ ಮೇಲೆಯೇ ಎಲ್ಲ ಭಾರವೂ ಬಿದ್ದಿದೆ. ಮರಣಪತ್ರದಲ್ಲಿ ವೈದ್ಯನು ‘ಹೃದಯಾಘಾತ’ ಎಂದು ಬರೆಯುತ್ತಾನೆ, ‘ಪಾರ್ಶ್ವವಾಯು’ ಎಂದು ಬರೆಯುತ್ತಾನೆ, ‘ನ್ಯುಮೋನಿಯ’ ಎಂದು ಬರೆಯುತ್ತಾನೆ; ‘ಧೂಳು’ ಎಂದು ಬರೆಯುವ ವಾಡಿಕೆಯಿಲ್ಲ. ಅಷ್ಟರಿಂದಲೇ ಧೂಳು ನಿರಪರಾಧಿಯೆಂದು ತೀರ್ಪು ಕೊಡಬಹುದೆ? 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನರು ಸತ್ತರು. ಅವರಲ್ಲಿ ಬಹುಭಾಗ ಜನರು ಕಣ್ಮುಚ್ಚಿದ್ದು ಮಲೇರಿಯ, ಕಾಲರಾ, ಅತಿಸಾರ ಮೊದಲಾದ ಬೇನೆಗಳಿಂದ. ಸಾವಿನ ದಫ್ತರದಲ್ಲಿ ಜ್ವರವೆಂದು ಬರೆದಿದೆಯೆಂದು ಹಸಿವೆಯ ಹೊಣೆಯನ್ನು ಯಾವ ವಿವೇಕಿಯಾದರೂ ಮನ್ನಾ ಮಾಡಿಯಾನೆ? ಹಸಿವೆಯು ದೇಹವನ್ನು ಸಡಿಲಿಸಿತು, ಬೇನೆಯು ಕೆಡವಿತು. ಧೂಳಿನ ಕೆಲಸವೂ ಇದೇ ಬಗೆಯದು. ಅದು ತನ್ನ ಹೆಸರಿನಲ್ಲಿ ಕೊಲ್ಲುವುದಿಲ್ಲ.

ಇಲ್ಲಿ ಧೂಳೆಂದರೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಕೊಳ್ಳುವ ಕೆಂಪು ಮಣ್ಣು ಮಾತ್ರವಲ್ಲ. ಶಾಸ್ತ್ರಜ್ಞರು ಪಿ.ಎಂ. 2.5 ಎಂದು ಕರೆಯುವುದು ಎರಡೂವರೆ ಮೈಕ್ರೋಮೀಟರಿಗಿಂತ ಹೆಚ್ಚಿನ ವ್ಯಾಸವಿಲ್ಲದ ಕಣಗಳನ್ನು. ಅಂದರೆ ಮನುಷ್ಯನ ಕೂದಲೆಳೆಯ ಅಗಲದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಡೀಸೆಲ್ ಎಂಜಿನ್ನಿನ ಹೊಗೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಇಟ್ಟಿಗೆಯ ಗೂಡು, ಬೀದಿಯಲ್ಲಿ ಸುಡುವ ಕಸ, ಅಡಿಗೆಯ ಸೌದೆ ಒಲೆ—ಇವೆಲ್ಲ ಅದರ ಉತ್ಪತ್ತಿಸ್ಥಾನಗಳು. ದೊಡ್ಡ ಧೂಳನ್ನು ಮೂಗೂ ಗಂಟಲೂ ತಡೆಯುತ್ತವೆ. ಈ ಸೂಕ್ಷ್ಮಕಣವಾದರೋ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನವರೆಗೆ ಇಳಿದು ಅಲ್ಲಿ ಉರಿಯೂತವನ್ನು ಹುಟ್ಟಿಸುತ್ತದೆ. ರಕ್ತವು ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಿಸುತ್ತದೆ. ಹೃದಯದ ರಕ್ತನಾಳಗಳನ್ನು ಕಾಲಕ್ರಮದಲ್ಲಿ ಬಿರುಸಾಗಿಸುತ್ತದೆ. ಆದುದರಿಂದಲೇ ಹೊಗೆಯಿಂದ ಸಾಯುವವರೆಲ್ಲ ಕೆಮ್ಮಿ ಸಾಯುತ್ತಾರೆಂಬ ಕಲ್ಪನೆ ತಪ್ಪು. ಅವರಲ್ಲಿ ಅನೇಕರು ಎದೆನೋವಿನಿಂದ ಕುಸಿಯುತ್ತಾರೆ, ಮನೆಯವರಾಗಲಿ ವೈದ್ಯನಾಗಲಿ ಗಾಳಿಯನ್ನು ಶಂಕಿಸುವುದಿಲ್ಲ.

ಹಾಗಾದರೆ ಒಬ್ಬೊಬ್ಬ ರೋಗಿಯ ದೇಹದಲ್ಲಿ ಕಾಣದ ಕಾರಣವನ್ನು ತಿಳಿಯುವುದು ಹೇಗೆ? ನಮ್ಮ ತರ್ಕಶಾಸ್ತ್ರದ ಮೊದಲ ಪಾಠವೇ ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು. ಪ್ರತ್ಯಕ್ಷವೊಂದೇ ಪ್ರಮಾಣವೆಂದು ನಮ್ಮ ನೈಯಾಯಿಕರು ಎಂದೂ ಹೇಳಲಿಲ್ಲ, ಅನುಮಾನವೂ ಪ್ರಮಾಣವೇ. ಆದರೆ ಅದಕ್ಕೆ ಕಟ್ಟುಪಾಡುಗಳುಂಟು. ಇದು ಇದ್ದಲ್ಲಿ ಅದು ಇರಬೇಕು, ಇದೇ ಅನ್ವಯ. ಇದು ಇಲ್ಲದಲ್ಲಿ ಅದು ಇರಬಾರದು, ಇದೇ ವ್ಯತಿರೇಕ. ನಡುವೆ ನಮ್ಮನ್ನು ಮೋಸಗೊಳಿಸುವ ಬೇರೊಂದು ಉಪಾಧಿಯು ಅಡಗಿರಬಾರದು. ಇಂದಿನ ಆರೋಗ್ಯ ಸಂಖ್ಯಾಶಾಸ್ತ್ರವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಧೂಳಿನ ಮೇಲಣ ಆರೋಪವನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡಿದೆ. ಅದರ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯ ದೊಡ್ಡ ಪಾಠವು ಲಂಡನ್ ನಗರದ್ದು. 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿಯಾಡದ ಚಳಿಯಲ್ಲಿ, ಮನೆಮನೆಯ ಕಲ್ಲಿದ್ದಲಿನ ಹೊಗೆಯೂ ಮಂಜೂ ಕೂಡಿ ಆ ಮಹಾನಗರದ ಮೇಲೆ ಕವಿದುಕೊಂಡವು. ಆ ದಿನಗಳಲ್ಲಿ ಬೀದಿಯಲ್ಲಿದ್ದವರಿಗೆ ಎಂಥ ಅನರ್ಥವು ನಡೆಯುತ್ತಿದೆಯೆಂದು ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಮರಣಗಳ ವಾರದ ಪಟ್ಟಿಗಳನ್ನು ಕೂಡಿಸಿದಾಗ. ಸಾಮಾನ್ಯ ವಾರಗಳಿಗಿಂತ ಸುಮಾರು 4,000 ಸಾವುಗಳು ಹೆಚ್ಚಾಗಿದ್ದವು. ಹೊಗೆ ಚೆದರಿದ ಮೇಲೆಯೂ ಜನವರಿ ಫೆಬ್ರವರಿ ತಿಂಗಳುಗಳಲ್ಲಿ ಸಾವಿನ ಸಂಖ್ಯೆಯು ಇಳಿಯಲಿಲ್ಲ. ಅಂದಿನ ಸರಕಾರವು ಆ ಹೆಚ್ಚಳವನ್ನು ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಜಮೆ ಮಾಡಿತು. 2001ರಲ್ಲಿ ಇಬ್ಬರು ವಿದುಷಿಯರು, ಮಿಷೆಲ್ ಬೆಲ್ ಮತ್ತು ದೇವ್ರಾ ಡೇವಿಸ್, ಆ ಹಳೆಯ ದಾಖಲೆಗಳನ್ನೇ ಮತ್ತೆ ತೆರೆದು, ಇನ್‌ಫ್ಲುಯೆಂಜಾದಿಂದ ಅಷ್ಟು ಸಾವುಗಳಾಗಲು ಸಾಧ್ಯವಿಲ್ಲವೆಂದೂ ಒಟ್ಟು ಹೆಚ್ಚುವರಿ ಮರಣಗಳು 12,000ದ ಸಮೀಪವಿರಬೇಕೆಂದೂ ತೋರಿಸಿದರು. ದಾಖಲೆಯೆಂಬುದು ಇದ್ದುದರಿಂದ ಐವತ್ತು ವರ್ಷಗಳ ತರುವಾಯವಾದರೂ ಸತ್ಯವು ಹೊರಬಿತ್ತು. 1956ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಶುದ್ಧವಾಯು ಕಾನೂನನ್ನು ಮಾಡಿದ್ದೂ ಆ ಎಣಿಕೆಯ ಒತ್ತಡದಿಂದಲೇ. ಹೊಗೆಯನ್ನು ಕಂಡದ್ದಷ್ಟರಿಂದಲೇ ಆ ಕಾನೂನು ಬರಲಿಲ್ಲ. ಶತಮಾನಗಳಿಂದ ಅದನ್ನು ಕಾಣುತ್ತಲೇ ಇದ್ದರು.

ಇದು ಅಪರೂಪದ ಉತ್ಪಾತವಾಯಿತು, ದಿನನಿತ್ಯದ ತೆಳುಹೊಗೆಯಿಂದ ಏನಾದೀತು ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಆರು ನಗರಗಳ ಅಧ್ಯಯನ’. ಅಲ್ಲಿಯ ವಿದ್ವಾಂಸರು ಆರು ಊರುಗಳಲ್ಲಿ 8,111 ವಯಸ್ಕರನ್ನು ಗೊತ್ತುಮಾಡಿ, ಅವರ ಧೂಮಪಾನವೆಷ್ಟು, ವಿದ್ಯೆಯೆಷ್ಟು, ಉದ್ಯೋಗವಾವುದು, ದೇಹಭಾರವೆಷ್ಟು ಎಂಬುದನ್ನೆಲ್ಲ ಬರೆದಿಟ್ಟುಕೊಂಡು, 14ರಿಂದ 16 ವರ್ಷಗಳವರೆಗೆ ಬೆನ್ನುಹತ್ತಿ ನೋಡಿದರು. 1993ರಲ್ಲಿ ಫಲಿತಾಂಶವು ಪ್ರಕಟವಾಯಿತು. ಉಕ್ಕಿನ ಕಾರಖಾನೆಗಳ ಸ್ಟೂಬೆನ್‌ವಿಲ್ ಎಂಬ ಊರಿನವರ ಮರಣಪ್ರಮಾಣವು, ಶುದ್ಧವಾಯುವಿನ ಪೋರ್ಟೇಜ್ ಎಂಬ ಊರಿನವರದಕ್ಕಿಂತ ಶೇಕಡಾ 26ರಷ್ಟು ಹೆಚ್ಚಾಗಿತ್ತು. ಇದು ಧೂಮಪಾನ ಮೊದಲಾದವುಗಳ ಪಾಲನ್ನು ಕಳೆದ ಮೇಲೆ ಉಳಿದ ಶೇಷ. ಎರಡು ವರ್ಷಗಳ ತರುವಾಯ, 1995ರಲ್ಲಿ, ಐದೂವರೆ ಲಕ್ಷಕ್ಕೂ ಹೆಚ್ಚು ಅಮೆರಿಕನ್ನರನ್ನು ಒಳಗೊಂಡ ಇನ್ನೊಂದು ಅಧ್ಯಯನವು ಅದೇ ದಿಕ್ಕಿಗೆ ಬೆರಳು ತೋರಿತು.

ಉದ್ಯಮಪತಿಗಳು ಸುಮ್ಮನಿರಲಿಲ್ಲ. ಈ ಅಧ್ಯಯನಗಳ ಆಧಾರದ ಮೇಲೆ ಅಮೆರಿಕದ ಸರಕಾರವು 1997ರಲ್ಲಿ ಸೂಕ್ಷ್ಮಕಣಗಳಿಗೆ ಮೊದಲ ಸಲ ಮಿತಿಯನ್ನು ಹಾಕಿದಾಗ, ಮೂಲ ಅಂಕಿಗಳನ್ನು ತೋರಿಸಿರೆಂದು ಗದ್ದಲವೆದ್ದಿತು. ರೋಗಿಗಳ ಗುಟ್ಟನ್ನು ಬಿಟ್ಟುಕೊಡುವಂತಿರಲಿಲ್ಲವಾದ್ದರಿಂದ, ಅಂಕಿಗಳನ್ನೆಲ್ಲ ಮೂರನೆಯವರ ಕೈಗೆ ಕೊಡಲಾಯಿತು. ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ ಎಂಬ ಆ ಸಂಸ್ಥೆಗೆ ಸರಕಾರದ ಹಣದೊಡನೆ ಮೋಟಾರು ತಯಾರಕರ ಹಣವೂ ಸಲ್ಲುತ್ತದೆ. ಅದು ನೇಮಿಸಿದ ಪಂಡಿತರು ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿ, ಹತ್ತಾರು ಬೇರೆ ಉಪಾಧಿಗಳನ್ನು ಹಾಕಿ ತೆಗೆದು ನೋಡಿ, 2000ದಲ್ಲಿ ಮೂಲ ನಿರ್ಣಯವನ್ನೇ ಎತ್ತಿಹಿಡಿದರು. ವಾದಿಪ್ರತಿವಾದಿಗಳಿಬ್ಬರೂ ಒಪ್ಪಿದ ಪಂಚಾಯತಿಯ ತೀರ್ಪೆಂದರೆ ಇದೇ.

ಇಷ್ಟಾಗಿಯೂ ಅನ್ವಯವೊಂದರಿಂದಲೇ ನಾವು ತೃಪ್ತರಾಗಬೇಕಾಗಿಲ್ಲ. ವ್ಯತಿರೇಕಕ್ಕೂ ಉದಾಹರಣೆಗಳಿವೆ. ಅಮೆರಿಕದ ಯೂಟಾ ಕಣಿವೆಯಲ್ಲಿದ್ದ ದೊಡ್ಡ ಉಕ್ಕಿನ ಕಾರಖಾನೆಯು ಕೆಲಸಗಾರರ ವ್ಯಾಜ್ಯದ ನಿಮಿತ್ತ 1986ರ ಆಗಸ್ಟಿನಿಂದ 1987ರ ಸೆಪ್ಟೆಂಬರಿನವರೆಗೆ ಮುಚ್ಚಿತ್ತು. ಜನರು ಅವರೇ, ಚಳಿಯೂ ಅಲ್ಲಿಯದೇ, ವೈದ್ಯರೂ ಅವರೇ. ಇಲ್ಲದಿದ್ದದ್ದು ಕಾರಖಾನೆಯ ಹೊಗೆ ಮಾತ್ರ. ಆರ್ಡನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞನು ಆಸ್ಪತ್ರೆಯ ದಾಖಲೆಗಳನ್ನು ಹೋಲಿಸಿ ನೋಡಲು, ಕಾರಖಾನೆಯು ನಡೆಯುತ್ತಿದ್ದ ಚಳಿಗಾಲಗಳಲ್ಲಿ ಶ್ವಾಸರೋಗಕ್ಕಾಗಿ ಸೇರಿದ ಮಕ್ಕಳ ಸಂಖ್ಯೆಯು, ಅದು ಮುಚ್ಚಿದ್ದ ಚಳಿಗಾಲದ ಎರಡು ಮೂರು ಪಟ್ಟು ಇತ್ತು.

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1990ರ ಸೆಪ್ಟೆಂಬರ್ 1ರಿಂದ ಹೊಗೆಯ ಕಲ್ಲಿದ್ದಲಿನ ಮಾರಾಟವನ್ನು ನಿಷೇಧಿಸಲಾಯಿತು. ಗಾಳಿಯ ಕಪ್ಪುಹೊಗೆಯು ಶೇಕಡಾ 70ರಷ್ಟು ಇಳಿಯಿತು. ನಿಷೇಧದ ಹಿಂದಿನ ಆರು ವರ್ಷಗಳನ್ನೂ ಮುಂದಿನ ಆರು ವರ್ಷಗಳನ್ನೂ ಹೋಲಿಸಿದ ಲೇಖನವೊಂದು 2002ರಲ್ಲಿ ಪ್ರಕಟವಾಗಿ, ಶ್ವಾಸರೋಗದ ಮರಣಗಳು ಸುಮಾರು ಶೇಕಡಾ 15.5ರಷ್ಟೂ ಹೃದಯರೋಗದ ಮರಣಗಳು ಸುಮಾರು ಶೇಕಡಾ 10.3ರಷ್ಟೂ ಇಳಿದುವೆಂದು ಹೇಳಿತು. ಆದರೆ ಅದೇ ಬಳಗದ ವಿದ್ವಾಂಸರು 2013ರಲ್ಲಿ ಲೆಕ್ಕವನ್ನು ಇನ್ನೂ ಬಿಗಿಯಾಗಿ ನೋಡಿದಾಗ, ಹೃದಯರೋಗದ ಮರಣಗಳು ನಿಷೇಧವಿಲ್ಲದ ಪ್ರದೇಶಗಳಲ್ಲಿಯೂ ಆ ಕಾಲದಲ್ಲಿ ಇಳಿಯುತ್ತಿದ್ದುವೆಂದು ಕಂಡುಬಂತು. ಶ್ವಾಸರೋಗದ ಇಳಿತವು ಮಾತ್ರ ಪರೀಕ್ಷೆಯಲ್ಲಿ ನಿಂತಿತು. ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಈ ಪ್ರಸಂಗವನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ತನ್ನ ಪಕ್ಷಕ್ಕೆ ಅನುಕೂಲವಾದ ಅಂಕಿಯನ್ನೂ ತಾನೇ ಒರೆಹಚ್ಚಿ ಕಳೆಯುವ ಶಾಸ್ತ್ರವು ಉಳಿಸಿಕೊಂಡ ಮಾತಿಗೆ ಬೆಲೆ ಹೆಚ್ಚು.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತೀಯ ಅಧ್ಯಯನವಿಲ್ಲವೆಂಬ ಮಾತು 2019ರಲ್ಲಿಯೂ ಸರಿಯಾಗಿರಲಿಲ್ಲ. ದೆಹಲಿಯ 1991ರಿಂದ 1994ರವರೆಗಿನ ದಿನದಿನದ ಮರಣಗಳನ್ನೂ ಗಾಳಿಯ ಧೂಳನ್ನೂ ಹೋಲಿಸಿದ ಅಧ್ಯಯನವು 1997ರಷ್ಟು ಹಿಂದೆಯೇ ಹೊರಬಂದಿತ್ತು. ಒಂದು ಘನ ಮೀಟರ್ ಗಾಳಿಯಲ್ಲಿ ತೇಲುಧೂಳು 100 ಮೈಕ್ರೋಗ್ರಾಂ ಹೆಚ್ಚಿದರೆ, ಅಪಘಾತವಲ್ಲದ ಮರಣಗಳು ಶೇಕಡಾ 2.3ರಷ್ಟು ಹೆಚ್ಚುತ್ತವೆಂದು ಅದು ಕಂಡುಕೊಂಡಿತು. ಈ ಶೇಕಡಾವಾರು ಅಮೆರಿಕದ ನಗರಗಳಿಗಿಂತ ಕಡಿಮೆಯೇ. ಆದರೆ ಅಲ್ಲಿ ಧೂಳಿನ ಪೆಟ್ಟು ಮುಖ್ಯವಾಗಿ ವೃದ್ಧರ ಮೇಲೆ. ದೆಹಲಿಯಲ್ಲಿ ಅದು ಅತಿ ಹೆಚ್ಚಾಗಿ ಬಿದ್ದದ್ದು 15ರಿಂದ 44 ವರ್ಷದವರ ಮೇಲೆ. ಮನೆಯನ್ನು ಹೊತ್ತು ನಡೆಸುವ ವಯಸ್ಸು ಇದೇ ಅಲ್ಲವೆ? 2011ರಲ್ಲಿ ಚೆನ್ನೈ ಮತ್ತು ದೆಹಲಿಗಳ ದಿನದಿನದ ಮರಣಗಳನ್ನು ಕುರಿತು ನಮ್ಮವರೇ ನಡೆಸಿದ ಅಧ್ಯಯನಗಳೂ ಧೂಳು ಏರಿದಾಗ ಸಾವು ಏರುವುದನ್ನೇ ತೋರಿಸಿದುವು.

2024ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಈ ಚರ್ಚೆಯನ್ನು ಬಹುದೂರ ಮುಂದಕ್ಕೆ ಒಯ್ದಿವೆ. ಮೊದಲನೆಯದು ಬೆಂಗಳೂರನ್ನೂ ಒಳಗೊಂಡು ಹತ್ತು ನಗರಗಳಲ್ಲಿ 2008ರಿಂದ 2019ರವರೆಗೆ ಘಟಿಸಿದ ಸುಮಾರು 36 ಲಕ್ಷ ಮರಣಗಳನ್ನು ಎಣಿಸಿತು. ಎರಡು ದಿನಗಳ ಸರಾಸರಿಯಲ್ಲಿ ಸೂಕ್ಷ್ಮಕಣವು 10 ಮೈಕ್ರೋಗ್ರಾಂ ಏರಿದರೆ ಮರಣಗಳು ಶೇಕಡಾ 1.42ರಷ್ಟು ಏರುವುದು ಕಂಡಿತು. ಈ ಹತ್ತು ನಗರಗಳಲ್ಲಿ ನೂರು ಸಾವುಗಳಿಗೆ ಏಳಕ್ಕೂ ಹೆಚ್ಚು, ಅಂದರೆ ವರ್ಷಕ್ಕೆ ಸುಮಾರು 33,000 ಸಾವುಗಳು, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿದ ಧೂಳಿಗೆ ಸಲ್ಲುತ್ತವೆಂಬುದು ಅದರ ಅಂದಾಜು. ಸಾವಿನ ಒಟ್ಟು ಪ್ರಮಾಣದಲ್ಲಿ ದೆಹಲಿಯೇ ಮುಂದು. ಆದರೆ ಒಂದೊಂದು ಅಳತೆ ಧೂಳಿಗೆ ಸಾವು ಏರುವ ವೇಗವು ದೆಹಲಿಯಲ್ಲಿ ಶೇಕಡಾ 0.31 ಆಗಿದ್ದರೆ ಬೆಂಗಳೂರಿನಲ್ಲಿ ಶೇಕಡಾ 3.06. ನಮ್ಮ ಊರಿನ ಹವೆ ಒಳ್ಳೆಯದೆಂದು ಹೆಮ್ಮೆಪಡುವ ಬೆಂಗಳೂರಿನ ಪೌರರು ಇದನ್ನು ಗಮನಿಸಬೇಕು. ಧೂಳು ಕಡಿಮೆಯಿರುವಲ್ಲಿ ಹೊಸದಾಗಿ ಸೇರುವ ಒಂದು ಹಿಡಿಯೂ ಹೆಚ್ಚು ಹಾನಿಯನ್ನು ಮಾಡಬಲ್ಲದು. ದಿನಕ್ಕೆ 60 ಮೈಕ್ರೋಗ್ರಾಂ ಎಂಬ ನಮ್ಮ ಸರಕಾರಿ ಮಿತಿಯೊಳಗಿನ ದಿನಗಳನ್ನಷ್ಟೇ ತೆಗೆದುಕೊಂಡು ನೋಡಿದರೂ ಸಾವುಗಳು ಏರುತ್ತಲೇ ಇದ್ದುವು. ಅಲ್ಲ, ಆ ದಿನಗಳಲ್ಲಿ ಏರಿಕೆಯ ವೇಗವು ಶೇಕಡಾ 2.65ಕ್ಕೆ ಮುಟ್ಟಿತ್ತು.

ಎರಡನೆಯ ಅಧ್ಯಯನವು ನಗರಗಳನ್ನು ಬಿಟ್ಟು ದೇಶದ 655 ಜಿಲ್ಲೆಗಳನ್ನು ನೋಡಿತು. ವರ್ಷದ ಸರಾಸರಿಯು 10 ಮೈಕ್ರೋಗ್ರಾಂ ಏರಿದಲ್ಲಿ ಮರಣಗಳು ಶೇಕಡಾ 8.6ರಷ್ಟು ಏರುತ್ತವೆಂದು ಅದರ ನಿರ್ಣಯ. ದಿನದ ಏರಿಳಿತಕ್ಕಿಂತ ವರ್ಷಗಟ್ಟಲೆ ಉಸಿರಾಡುವ ಧೂಳು ಹೆಚ್ಚು ಘಾತುಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ‘ಹೇಗಿದ್ದರೂ ಸಾಯಲಿದ್ದವರು ಎರಡು ದಿನ ಮುಂಚೆ ಸತ್ತರು, ಅಷ್ಟೇ’ ಎಂಬ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ. ಸಾವು ಎರಡು ದಿನ ಮಾತ್ರ ಮುಂದಕ್ಕೆ ಬಂದಿದ್ದರೆ ವರ್ಷದ ಲೆಕ್ಕದಲ್ಲಿ ಅದು ಕಾಣಬಾರದಾಗಿತ್ತು.

ನಮ್ಮ ಕಾನೂನಿನ ಮಿತಿಯ ವಿಷಯವಾಗಿ ಒಂದು ಮಾತು. 2009ರಲ್ಲಿ ಗೊತ್ತುಮಾಡಿದ ಪ್ರಕಾರ ಸೂಕ್ಷ್ಮಕಣದ ವಾರ್ಷಿಕ ಮಿತಿಯು ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 5. ಮೇಲೆ ಹೇಳಿದ ಸ್ಟೂಬೆನ್‌ವಿಲ್ ಎಂಬ ಊರು, ಆರು ನಗರಗಳಲ್ಲಿ ಅತ್ಯಂತ ಮಲಿನವೆಂದು ಹೆಸರು ಪಡೆದದ್ದು, ಅಧ್ಯಯನದ ಕಾಲದಲ್ಲಿ ಹೊಂದಿದ್ದ ಸರಾಸರಿ 29.6. ಯಾವ ಗಾಳಿಯಲ್ಲಿ ನೂರು ಜನ ಸಾಯುವಲ್ಲಿ ನೂರಿಪ್ಪತ್ತಾರು ಜನರು ಸತ್ತರೋ ಆ ಗಾಳಿಯು ನಮ್ಮ ಕಾನೂನಿನ ಕಣ್ಣಿನಲ್ಲಿ ಶುದ್ಧವಾದುದು! ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನವು ಅನಾವಶ್ಯಕ.

2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮವು ಪ್ರಾರಂಭವಾಯಿತು. ನಮ್ಮ ಪ್ರಾಂತದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡಗಳು ಅದರಲ್ಲಿ ಸೇರಿವೆ. ಉದ್ದೇಶವು ಶ್ಲಾಘ್ಯವೇ. ಆದರೆ ಆ ಕಾರ್ಯಕ್ರಮವು ನಗರಗಳ ಸಾಧನೆಯನ್ನು ಅಳೆದದ್ದು ಹತ್ತು ಮೈಕ್ರೋಮೀಟರಿನವರೆಗಿನ ದೊಡ್ಡ ಧೂಳಿನಿಂದ. ಹೆಚ್ಚು ಕೊಲ್ಲುವ ಸೂಕ್ಷ್ಮಕಣದಿಂದಲ್ಲ. ಹಣದ ಶೇಕಡಾ 64ರಷ್ಟು ಭಾಗವು ರಸ್ತೆಯ ಧೂಳಿಗೂ, ಶೇಕಡಾ ಒಂದಕ್ಕಿಂತ ಕಡಿಮೆ ಭಾಗವು ಕಾರಖಾನೆಗಳ ಹೊಗೆಗೂ ವೆಚ್ಚವಾಯಿತೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2024ರಲ್ಲಿ ಲೆಕ್ಕ ಕೊಟ್ಟಿತು. ರಸ್ತೆಗೆ ನೀರು ಚಿಮುಕಿಸುವ ಬಂಡಿಯು ಎಲ್ಲರ ಕಣ್ಣಿಗೆ ಬೀಳುತ್ತದೆ. ಹೊಗೆಕೊಳವೆಯ ಒಳಗೆ ಹಾಕಿಸಬೇಕಾದ ಸೋಸುಯಂತ್ರವು ಕಾಣುವುದಿಲ್ಲ. ಹುತ್ತವನ್ನು ಬಡಿಯುವುದರಿಂದ ಹಾವು ಸತ್ತೀತೆ?

ನಮ್ಮ ಮುಖ್ಯ ಮಾತು ಇನ್ನೂ ಉಳಿದಿದೆ. ನಿರ್ಣಾಯಕ ಅಂಕಿಗಳಿಲ್ಲವೆಂದು ಸರಕಾರವು ಹೇಳುವಲ್ಲಿ, ಆ ಅಂಕಿಗಳನ್ನು ಕೂಡಿಸಬೇಕಾದವರು ಯಾರು? ಜನನ ಮರಣಗಳ ನೋಂದಣಿಯ ಕಾನೂನು 1969ರಷ್ಟು ಹಳೆಯದು. ಅದಾಗಿ ಅರ್ಧ ಶತಮಾನವು ಕಳೆದ ಮೇಲೆ, 2020ರಲ್ಲಿ, ನೋಂದಣಿಯಾದ ಮರಣಗಳಲ್ಲಿ ವೈದ್ಯನು ಕಾರಣವನ್ನು ಬರೆದು ರುಜು ಹಾಕಿದ್ದವು ನೂರಕ್ಕೆ 22.5 ಮಾತ್ರ. ಉಳಿದವರು ಯಾವ ಬೇನೆಯಿಂದ ಹೋದರೆಂಬುದಕ್ಕೆ ವೈದ್ಯನ ಸಾಕ್ಷ್ಯವಿಲ್ಲ. ಬರೆದಿರುವ ಕಡೆಯಲ್ಲಿಯೂ ‘ಹೃದಯ ನಿಂತಿತು’ ಎಂಬಂಥ ಒಕ್ಕಣೆಯು ಯಾವ ಉಪಯೋಗಕ್ಕೂ ಬಾರದು. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ. ಲೆಕ್ಕವನ್ನು ಇಡದೆ ಇರುವುದು, ಲೆಕ್ಕವಿಲ್ಲವಾದ್ದರಿಂದ ದೋಷವಿಲ್ಲವೆನ್ನುವುದು, ದೋಷವಿಲ್ಲವಾದ್ದರಿಂದ ಉಪಾಯವು ಬೇಡವೆನ್ನುವುದು—ಈ ಚಕ್ರದಲ್ಲಿ ಸಿಕ್ಕಿಬಿದ್ದವರು ದಿನವಿಡೀ ಚೌಕದಲ್ಲಿ ನಿಲ್ಲುವ ಸಂಚಾರದ ಪೋಲೀಸಿನವನು, ರಸ್ತೆಯ ಪಕ್ಕದಲ್ಲಿ ತರಕಾರಿ ಮಾರುವವಳು, ಆಟೋ ಓಡಿಸುವವನು, ಬೆಳಗಿನ ಜಾವ ಕಸ ಗುಡಿಸುವ ಪೌರಕಾರ್ಮಿಕರು. ಧನಿಕನು ಮನೆಯಲ್ಲಿ ಗಾಳಿ ಸೋಸುವ ಯಂತ್ರವನ್ನು ಇಟ್ಟುಕೊಳ್ಳಬಲ್ಲನು. ಇವರು ಬೀದಿಯ ಗಾಳಿಯನ್ನೇ ಉಸಿರಾಡಬೇಕು.

ಒಬ್ಬೊಬ್ಬನ ಸಾವಿಗೆ ಪ್ರತ್ಯೇಕ ರುಜುವಾತು ಬೇಕೆನ್ನುವವರು ಲಂಡನ್ನಿನ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. ಅಲ್ಲಿ ಆಸ್ತಮಾದಿಂದ 2013ರಲ್ಲಿ ತೀರಿಕೊಂಡ ಒಂಬತ್ತು ವರ್ಷದ ಬಾಲಕಿಯೊಬ್ಬಳ ಮರಣಕ್ಕೆ ವಾಯುಮಾಲಿನ್ಯವೂ ಕಾರಣವೆಂದು ವಿಚಾರಣಾಧಿಕಾರಿಯು 2020ರ ಡಿಸೆಂಬರಿನಲ್ಲಿ ಬರೆದನು. ಒಂದು ಮಗುವಿನ ಪತ್ರದಲ್ಲಿ ಆ ಶಬ್ದವು ಸೇರಲು ತಾಯಿಯ ಹೋರಾಟವೂ ಎರಡನೆಯ ವಿಚಾರಣೆಯೂ ಏಳು ವರ್ಷಗಳೂ ಬೇಕಾದುವು. ನಮ್ಮ ದೇಶದ ಪ್ರತಿಯೊಬ್ಬ ತಾಯಿಯೂ ಹೀಗೆ ನ್ಯಾಯಾಸನದ ಮುಂದೆ ನಿಲ್ಲಬೇಕೆಂದು ಅಪೇಕ್ಷಿಸುವುದು ನ್ಯಾಯವೆ? ಸಮುದಾಯದ ಸಾವನ್ನು ಸಮುದಾಯದ ಲೆಕ್ಕದಿಂದಲೇ ತಿಳಿಯಬೇಕು.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಒಂದನೆಯದು: ಪ್ರತಿಯೊಂದು ಮರಣದ ಕಾರಣವನ್ನೂ ಬಲ್ಲ ವೈದ್ಯನಿಂದ ಬರೆಯಿಸಿ ದಾಖಲೆಮಾಡುವ ಏರ್ಪಾಡನ್ನು ಜಿಲ್ಲೆ ಜಿಲ್ಲೆಯಲ್ಲಿ ಬಲಪಡಿಸಬೇಕು, ಮನೆಯಲ್ಲಿ ಸತ್ತವರ ಸಂಬಂಧಿಕರನ್ನು ವಿಚಾರಿಸಿ ಕಾರಣವನ್ನು ತಿಳಿಯುವ ಪದ್ಧತಿಯನ್ನೂ ಬಳಸಬೇಕು. ಎರಡನೆಯದು: ಜಿಲ್ಲಾ ಕೇಂದ್ರಗಳಲ್ಲೆಲ್ಲ ಸೂಕ್ಷ್ಮಕಣವನ್ನು ಅಳೆಯುವ ಯಂತ್ರಗಳು ಎಡೆಬಿಡದೆ ನಡೆಯಬೇಕು, ಅವುಗಳ ಅಂಕಿಯು ಮಳೆಯ ಅಂಕಿಯಂತೆ ದಿನವೂ ಜನರಿಗೆ ತಿಳಿಯಬೇಕು. ಮೂರನೆಯದು: ನಗರಸಭೆಗಳು ವಾರ್ಡುವಾರಾಗಿ ದಿನದಿನದ ಮರಣಸಂಖ್ಯೆಯನ್ನು, ಹೆಸರು ವಿಳಾಸಗಳನ್ನು ಬಿಟ್ಟು, ವಿಶ್ವವಿದ್ಯಾಲಯಗಳಿಗೆ ಬೇಡಿದ ಕೂಡಲೆ ಕೊಡಬೇಕು. ನಾಲ್ಕನೆಯದು: ಶುದ್ಧವಾಯುವಿನ ಹಣಕ್ಕೆ ಸೂಕ್ಷ್ಮಕಣದ ಇಳಿತವನ್ನೇ ಅಳತೆಗೋಲು ಮಾಡಬೇಕು; 40 ಎಂಬ ಮಿತಿಯನ್ನು ಕೆಳಗಿಳಿಸಬೇಕು.

ಈ ಲೆಕ್ಕವೆಲ್ಲ ಪೂರ್ತಿಯಾಗುವವರೆಗೆ ಕೈಕಟ್ಟಿ ಕುಳಿತಿರಬಹುದೆಂದು ಮಾತ್ರ ಯಾರೂ ತಿಳಿಯಕೂಡದು. ಇರುವ ಅಂಕಿಗಳೇ ಕೆಲಸಕ್ಕೆ ಕೈಹಚ್ಚಲು ಸಾಕು. ಬೀದಿಯಲ್ಲಿ ಕಸ ಸುಡುವುದನ್ನು ನಿಲ್ಲಿಸಲು, ಹಳೆಯ ಡೀಸೆಲ್ ಬಂಡಿಗಳನ್ನು ತೆಗೆಯಲು, ಬಡವರ ಅಡಿಗೆಮನೆಗೆ ಗ್ಯಾಸು ಎಟುಕುವಂತೆ ಮಾಡಲು ಹೊಸ ಅಧ್ಯಯನ ಬೇಕಾಗಿಲ್ಲ. ಎಣಿಕೆಯು ಬೇಕಾದದ್ದು ನಾವು ಹಿಡಿದ ದಾರಿಯಿಂದ ಎಷ್ಟು ಜೀವಗಳು ಉಳಿದುವೆಂದು ತಿಳಿಯುವುದಕ್ಕೆ.

ಸಂಸತ್ತಿನಲ್ಲಿ ಈ ಪ್ರಶ್ನೆಯು ಮತ್ತೆ ಬರುವುದು ಖಂಡಿತ. ಆಗ ಉತ್ತರ ಕೊಡುವವರು ‘ಕೇವಲ’ ಎಂಬ ಶಬ್ದದ ಮರೆಯಲ್ಲಿ ನಿಲ್ಲದೆ, ಇಂತಿಷ್ಟು ಧೂಳಿತ್ತು, ಇಂತಿಷ್ಟು ಜನರು ಸತ್ತರು, ಇಂತಿಷ್ಟು ಕಡಿಮೆ ಮಾಡಿದ್ದೇವೆ ಎಂದು ಹೇಳುವಂತಾಗಲಿ. ಪ್ರಜೆಗಳ ಆಯುಷ್ಯದ ಲೆಕ್ಕವನ್ನು ಒಪ್ಪಿಸುವುದು ಪ್ರಜಾಸರಕಾರದ ಮೊದಲನೆಯ ಧರ್ಮ; ಅದನ್ನು ಕೇಳಿ ತೆಗೆದುಕೊಳ್ಳುವುದು ಪೌರರ ಧರ್ಮ.